ಗೊರಬು, ಮುಂಡಾಸು, ಟೋಪಿ



ಆಷಾಢದ ಒಂದು ಭಾನುವಾರ, ಬೆಳಗಿನ ಬಲಿಪೂಜೆಗೆ ಕಾಲು ಗಂಟೆ ಮುಂಚೆ, ಕಾಫಿ ನಾಡಿನ ಯಾವುದಾದರೊಂದು ದೇವಾಲಯದ ಬಾಗಿಲಲ್ಲಿ ನಿಂತು ನೋಡಿ. ಹೊರಗೆ ಧೋ ಎಂದು ಮಳೆ. ತೋಟದ ಯಜಮಾನರು ಜೀಪಿನಿಂದಿಳಿದು, ಕೊಡೆ ಮಡಚಿ, ಹ್ಯಾಟನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕಾಲೇಜಿಗೆ ಹೋಗುವ ಹುಡುಗ ಕ್ರಿಕೆಟ್ ಟೋಪಿಯನ್ನು ಕಿತ್ತು ಜೇಬಿಗೆ ತುರುಕುತ್ತಾನೆ. ಲೈನು ಮನೆಗಳಿಂದ ನಡೆದು ಬಂದ ಕಾರ್ಮಿಕರು ಪ್ಲಾಸ್ಟಿಕ್ ಕೊಪ್ಪೆಯನ್ನು ಕೊಡವಿ ಜಗಲಿಯ ಮೂಲೆಯಲ್ಲಿ ಇಡುತ್ತಾರೆ. ಅದೇ ಬಾಗಿಲಲ್ಲಿ ಹೆಣ್ಣುಮಕ್ಕಳು ಸೆರಗನ್ನೋ ದುಪಟ್ಟಾವನ್ನೋ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಒಂದೇ ಹೊಸ್ತಿಲಲ್ಲಿ ಕೆಲವರು ತಲೆಯನ್ನು ಬರಿದು ಮಾಡಿಕೊಂಡರೆ ಕೆಲವರು ಮುಚ್ಚಿಕೊಳ್ಳುತ್ತಾರೆ. ಎರಡೂ ಗೌರವದ ಗುರುತುಗಳೇ. ನಾವು ದಿನವೂ ನೋಡುವ, ಆದರೆ ಯೋಚಿಸದ ಈ ಸಣ್ಣ ಸಂಗತಿಯ ಹಿಂದೆ ನಮ್ಮ ಬೆಟ್ಟಗಳ ದೊಡ್ಡದೊಂದು ಚರಿತ್ರೆ ಅಡಗಿದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ಬಾಬಾಬುಡನ್‌ಗಿರಿಯ ಸುತ್ತಲ ಸೀಮೆಯಲ್ಲಿ, ಮೂಡಿಗೆರೆ, ಕಳಸಗಳ ಕಡೆಯಲ್ಲಿ, ತಲೆಗೆ ಮೊದಲ ಶತ್ರು ಮಳೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ನಾಟಿಯ ಕೆಲಸವಾದರೋ ಅದೇ ಮಳೆಯಲ್ಲಿ ನಡೆಯಬೇಕು. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಅದಕ್ಕೆಂದೇ ನಮ್ಮ ಹಿರಿಯರು ಗೊರಬನ್ನು ಕಂಡುಕೊಂಡರು. ಬಿದಿರಿನ ಸೀಳುಗಳನ್ನು ಹೆಣೆದು, ನಡುವೆ ಎಲೆಗಳನ್ನು ಒತ್ತಾಗಿ ಹಾಸಿ ಮಾಡಿದ ಈ ಸಾಧನ ತಲೆಯಿಂದ ಇಳಿದು ಬೆನ್ನನ್ನೂ ಮುಚ್ಚುತ್ತದೆ. ಬಗ್ಗಿ ಸಸಿ ನೆಡುವ ಹೆಂಗಸಿನ ಎರಡು ಕೈಗಳೂ ಬಿಡುವಾಗಿರುತ್ತವೆ. ದೂರದಿಂದ ನೋಡಿದವರಿಗೆ ಗದ್ದೆಯಲ್ಲಿ ಆಮೆಗಳು ಸಾಲಾಗಿ ಚಲಿಸುತ್ತಿರುವಂತೆ ಕಾಣುತ್ತಿತ್ತು. ಗಂಡಸರಿಗೆ ಕಂಬಳಿ ಕೊಪ್ಪೆ. ಉಣ್ಣೆಯ ಕಂಬಳಿಯ ಒಂದು ಮೂಲೆಯನ್ನು ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ಮಳೆಗೂ ಚಳಿಗೂ ಅದೇ ರಕ್ಷೆ. ಅಡಿಕೆ ತೋಟಗಳಿದ್ದ ಕಡೆ, ಘಟ್ಟದ ಕೆಳಗಿನ ತುಳುನಾಡಿನಲ್ಲಿ ಹೇಗೋ ಹಾಗೆಯೇ, ಅಡಿಕೆ ಹಾಳೆಯ ಟೋಪಿ. ತುಳುವಿನಲ್ಲಿ ಅದಕ್ಕೆ ಮುಟ್ಟಾಳೆ ಎಂದು ಹೆಸರು. ಕಾಸಿನ ಖರ್ಚಿಲ್ಲದ, ಹಳೆಯದಾದರೆ ಗೊಬ್ಬರದ ಗುಂಡಿ ಸೇರುವ ಟೋಪಿ ಅದು.

ಬಿಸಿಲಿನ ದಿನಗಳಿಗೆ ಮುಂಡಾಸು ಇತ್ತು. ಬಡವನ ಮುಂಡಾಸು ಒಂದೇ ಬಟ್ಟೆಯಾದರೂ ಅದು ಮಾಡುತ್ತಿದ್ದ ಕೆಲಸಗಳು ಹತ್ತಾರು. ಬಿಸಿಲಿಗೆ ನೆರಳು, ಬೆವರಿಗೆ ಒರಸುವ ಬಟ್ಟೆ, ಹೊರೆ ಹೊರುವಾಗ ತಲೆಗೆ ಸಿಂಬಿ, ಸಂತೆಯಿಂದ ಬರುವಾಗ ಗಂಟು, ಮಲಗುವಾಗ ಹೊದಿಕೆ. ಇಷ್ಟೆಲ್ಲವೂ ಆದ ಬಳಿಕ ಅದು ಅವನ ಮಾನವೂ ಆಗಿತ್ತು. ಮದುವೆಗೆ, ಪಂಚಾಯಿತಿಗೆ, ಹಬ್ಬಕ್ಕೆ ಬರಿತಲೆಯಲ್ಲಿ ಹೋಗುವುದು ಮರ್ಯಾದೆಯಲ್ಲವೆಂದು ಹಿರಿಯರು ತಿಳಿದಿದ್ದರು. ಮೈಸೂರಿನ ಅರಮನೆಯ ದರ್ಬಾರಿನಲ್ಲಿಯೂ ಪೇಟವಿಲ್ಲದೆ ಪ್ರವೇಶವಿರಲಿಲ್ಲ. ಇಂದಿಗೂ ನಾವು ಗಣ್ಯರನ್ನು ಸನ್ಮಾನಿಸುವಾಗ ಮೈಸೂರು ಪೇಟ ತೊಡಿಸುತ್ತೇವಲ್ಲವೇ? ತಲೆಯನ್ನು ಮುಚ್ಚುವುದೇ ಗೌರವ ಎಂಬ ಹಳೆಯ ತಿಳಿವಳಿಕೆಯ ಮುಂದುವರಿಕೆ ಅದು.

ಈ ನಾಡಿಗೆ ಯೂರೋಪಿನ ಹ್ಯಾಟು ಬಂದದ್ದು ಬೇರೆಯೇ ತಿಳಿವಳಿಕೆಯೊಂದಿಗೆ. ಅಲ್ಲಿ ಗೌರವ ತೋರಿಸಬೇಕಾದರೆ ತಲೆಯಿಂದ ಹ್ಯಾಟನ್ನು ತೆಗೆಯಬೇಕು. ಇಲ್ಲಿ ಕಾಲಿನಿಂದ ಚಪ್ಪಲಿಯನ್ನು ಬಿಡಬೇಕು. ಹೊಸಬರನ್ನು ಕಂಡ ನಮ್ಮ ಜನ ಅವರ ಧರ್ಮಕ್ಕಿಂತ, ಭಾಷೆಗಿಂತ ಮೊದಲು ಗಮನಿಸಿದ್ದು ಅವರ ತಲೆಯನ್ನು. 18ನೆಯ ಶತಮಾನದ ಆರಂಭದಲ್ಲಿ ಮರಾಠಿಯಲ್ಲಿ ರಚಿತವಾದ ‘ಆಜ್ಞಾಪತ್ರ’ ಎಂಬ ರಾಜನೀತಿ ಗ್ರಂಥ ಯೂರೋಪಿನ ವರ್ತಕರನ್ನು ‘ಟೋಪೀಕರ’ ಎಂದೇ ಕರೆಯುತ್ತದೆ. ಪೋರ್ಚುಗೀಸರ ನೆಲೆಗಳಲ್ಲಿ ಅವರ ಮಿಶ್ರ ಸಂತತಿಯ ಕ್ರೈಸ್ತರಿಗೆ ‘ತೋಪಾಸ್’ ಎಂಬ ಹೆಸರಿತ್ತು. ದ್ವಿಭಾಷಿ ಎಂಬ ಅರ್ಥದ ದುಭಾಷಿ ಶಬ್ದದಿಂದ ಅದು ಬಂದಿರಬೇಕೆಂದು ಕೆಲವರು ಹೇಳಿದರೆ, ಟೋಪಿ ಎಂಬ ಶಬ್ದದಿಂದಲೇ ಬಂದದ್ದೆಂದು ಮತ್ತೆ ಕೆಲವರು ಹೇಳುತ್ತಾರೆ. ಯೇಸುವನ್ನು ನಂಬುವುದೆಂದರೆ ಟೋಪಿ ಹಾಕಿಕೊಳ್ಳುವುದು ಎಂಬ ತಪ್ಪು ಕಲ್ಪನೆ ಜನರಲ್ಲಿ ಮೂಡಿದ್ದರೆ ಅಚ್ಚರಿಯಿಲ್ಲ. ನಮ್ಮ ಭಾಷೆಯಲ್ಲಿ ‘ಟೋಪಿ ಹಾಕು’ ಎಂಬ ಮಾತಿಗೆ ಮೋಸ ಮಾಡು ಎಂಬ ಅರ್ಥ ಇರುವುದನ್ನಂತೂ ನೀವು ಬಲ್ಲಿರಿ.

ನಮ್ಮ ಬೆಟ್ಟಗಳಿಗೆ ಕಾಫಿ ಬಂದದ್ದು 17ನೆಯ ಶತಮಾನದಲ್ಲಿ. ಸೂಫಿ ಸಂತ ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದರೆಂಬುದು ಪರಂಪರೆಯ ಮಾತು. ಯೂರೋಪಿನ ತೋಟಗಾರರು ಬಂದದ್ದು ಅದರ ಬಹುಕಾಲದ ಬಳಿಕ. 19ನೆಯ ಶತಮಾನದ ಮೊದಲರ್ಧದಲ್ಲಿ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದರು. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ 38 ವರ್ಷಗಳ ತಮ್ಮ ಅನುಭವಗಳನ್ನು 1894ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಈ ದೊರೆಗಳ ಕಾಲದೊಂದಿಗೆ ನಮ್ಮ ನೆನಪಿನಲ್ಲಿ ಬೆಸೆದುಕೊಂಡಿರುವುದು ಸೋಲಾ ಟೋಪಿ. ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಸೋಲಾ ಗಿಡದ ಬೆಂಡನ್ನು ತೆಳ್ಳಗೆ ಸೀಳಿ, ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸಿ, ಮೇಲೆ ಬಟ್ಟೆ ಹೊದಿಸಿ ಮಾಡಿದ ಟೋಪಿ. ಕೈಯಲ್ಲಿ ಹಿಡಿದರೆ ಹೂವಿನಂತೆ ಹಗುರ. ತೋಟದ ಚರಿತ್ರೆಯಲ್ಲಿ ಮಾತ್ರ ಅದು ಬಹಳ ತೂಕದ್ದು.

ಉಷ್ಣ ದೇಶದ ಸೂರ್ಯಕಿರಣಗಳು ಬಿಳಿಯರ ಮೆದುಳಿಗೂ ಬೆನ್ನುಹುರಿಗೂ ಕೇಡು ಮಾಡುತ್ತವೆಂದು ಆ ಕಾಲದ ವೈದ್ಯರು ನಂಬಿದ್ದರು. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಬರೆದರು. ಕೆಲವರು ಟೋಪಿ ಸಾಲದೆಂದು ಬೆನ್ನಿಗೂ ದಪ್ಪ ಬಟ್ಟೆಯ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಕಾಫಿ ತೋಟವನ್ನು ಬಲ್ಲ ನೀವು ಇಲ್ಲಿ ಸ್ವಲ್ಪ ನಗಬಹುದು. ನಮ್ಮ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಅತ್ತಿ, ಬಸರಿ, ಗೋಣಿ ಮರಗಳ ಕೆಳಗೆ ನಡುಹಗಲಲ್ಲೂ ತಂಪು. ನೆರಳು ಮರಗಳ ಅಗತ್ಯವನ್ನು ಎಲಿಯಟ್ ತಮ್ಮ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಇನ್ನು ಮಲೆನಾಡಿನ ಮಳೆಗೆ ಸಿಕ್ಕಿದರೆ ಬೆಂಡಿನ ಟೋಪಿ ನೀರು ಕುಡಿದು ಮೆತ್ತಗಾಗುತ್ತದೆ. ನೆರಳಿನ ತೋಟದಲ್ಲಿ ಬಿಸಿಲಿನ ಟೋಪಿ, ಮಳೆಯ ನಾಡಿನಲ್ಲಿ ನೆನೆದರೆ ಕೆಡುವ ಟೋಪಿ! ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಬಟ್ಟೆಯ ಸಾಧಾರಣ ಟೋಪಿಗಳಲ್ಲಿಯೇ ಮರುಭೂಮಿಯಲ್ಲೂ ಬರ್ಮಾದ ಕಾಡುಗಳಲ್ಲೂ ಹೋರಾಡಿದಾಗ ಆ ಹಳೆಯ ಭಯಕ್ಕೆ ಆಧಾರವಿಲ್ಲವೆಂದು ಎಲ್ಲರಿಗೂ ತಿಳಿಯಿತು. ಸೋಲಾ ಟೋಪಿ ಗೋಡೆಯ ಗೂಟ ಸೇರಿತು.

ಹಾಗಾದರೆ ಅದು ಅಷ್ಟು ಕಾಲ ಉಳಿದುಬಂದದ್ದು ಏಕೆ? ಬಿಸಿಲು ತಡೆಯುವುದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವನ್ನು ಅದು ಮಾಡುತ್ತಿತ್ತು. ಗಿಡಗಳ ನಡುವೆ ದೂರದಿಂದಲೇ ಬಿಳಿಯ ಟೋಪಿ ಕಂಡರೆ ಆಳುಗಳಿಗೆ ದೊರೆ ಬಂದರೆಂದು ತಿಳಿಯುತ್ತಿತ್ತು. ಮಾತುಗಳು ನಿಲ್ಲುತ್ತಿದ್ದವು, ಕೈಗಳು ಚುರುಕಾಗುತ್ತಿದ್ದವು. ಟೋಪಿ ಅಧಿಕಾರದ ಗುರುತಾಗಿತ್ತು. ಬಿಳಿಯರು ಹೋದ ಮೇಲೆ ತೋಟಗಳನ್ನು ಕೊಂಡ ನಮ್ಮವರಲ್ಲಿಯೂ ಅನೇಕರು ಬಂಗಲೆಯ ಜೊತೆಗೆ ಹ್ಯಾಟನ್ನೂ ಉಳಿಸಿಕೊಂಡರು. ಅದರ ಎದುರಿಗೆ ನಿಂತವನ ತಲೆಯ ಕಥೆ ಏನು? ಘಟ್ಟದ ಕೆಳಗಿನಿಂದ ಚಾರ್ಮಾಡಿಯ ಹಾದಿಯಲ್ಲಿ ನಡೆದು ಬಂದ ಕೂಲಿಯವನು, ತಮಿಳು ಸೀಮೆಯಿಂದ ಬಂದವನು, ಇಲ್ಲಿಯ ಹಾಡಿಯಿಂದ ಬಂದವನು, ಯಜಮಾನರ ಮುಂದೆ ಮುಂಡಾಸನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಲ್ಲಬೇಕಿತ್ತು. ಇದು ದೊರೆಗಳು ತಂದ ಪದ್ಧತಿಯೆಂದು ನಾವು ಜಾರಿಕೊಳ್ಳುವಂತಿಲ್ಲ. ಜಮೀನ್ದಾರರ ಅಂಗಳದಲ್ಲಿ ಅದು ಮೊದಲೇ ಇತ್ತು. ದರ್ಬಾರಿನಲ್ಲಿ ಪೇಟ ಧರಿಸುವುದು ಗೌರವವಾಗಿದ್ದ ನಾಡಿನಲ್ಲಿಯೇ ಬಡವನಿಗೆ ಮಾತ್ರ ಪೇಟ ಬಿಚ್ಚುವುದು ಗೌರವವಾಯಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಸುಮಾರು 25 ವರ್ಷಗಳ ಹಿಂದಿನ ಮಾತು. ಆಗತಾನೇ ಗುರುಪಟ್ಟ ಪಡೆದು ಈ ಬೆಟ್ಟಗಳ ಒಂದು ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಬಂದಿದ್ದೆ. ಒಂದು ಸಂಜೆ ಪೂಜೆಗೆ ಮುದುಕರೊಬ್ಬರು ಬಂದರು. ತೋಟದ ಕೆಲಸದಿಂದ ನಿವೃತ್ತರಾದವರು. ಮಾಸಿದ ಅಂಗಿ, ಆದರೆ ತಲೆಗೆ ಮಡಿ ಮಾಡಿದ ಬಿಳಿಯ ಮುಂಡಾಸು. ಗುರುಮಠದ ಶಿಸ್ತು ಇನ್ನೂ ಹಸಿಯಾಗಿದ್ದ ನಾನು ಬಾಗಿಲಲ್ಲೇ ತಡೆದು, “ಅಜ್ಜ, ದೇವಾಲಯದ ಒಳಗೆ ತಲೆಬಟ್ಟೆ ತೆಗೀಬೇಕು” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮರುಮಾತಾಡದೆ ಬಿಚ್ಚಿದರು, ಕಂಕುಳಲ್ಲಿ ಇಟ್ಟುಕೊಂಡರು, ಕೊನೆಯ ಬೆಂಚಿನ ಹಿಂದೆ ಗೋಡೆಗೆ ಒರಗಿ ನಿಂತರು. ಪರಮಪ್ರಸಾದಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ.

ವಾರದ ಬಳಿಕ ಅವರ ಲೈನು ಮನೆಗೆ ಹೋದೆ. ಸೊಸೆ ಕಾಫಿ ಕೊಟ್ಟರು. ಬಹಳ ಹೊತ್ತು ಮಳೆಯ ಬಗ್ಗೆ, ಮೊಮ್ಮಕ್ಕಳ ಶಾಲೆಯ ಬಗ್ಗೆ ಮಾತಾಡಿದೆವು. ಕೊನೆಗೆ ನಾನೇ ಕೇಳಿದೆ. ಅವರು ಕೋಪವಿಲ್ಲದೆ ಹೇಳಿದರು: “ಸ್ವಾಮಿ, ಧಣಿಗಳ ಮುಂದೆ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ನಿಂತವನು ನಾನು. ನಮ್ಮಪ್ಪನೂ ಹಂಗೇ ನಿಂತಿದ್ದ. ದೇವರ ಮುಂದಾದ್ರೂ ಕಟ್ಕೊಂಡು ನಿಲ್ಲೋಣ ಅಂತ ಬಂದಿದ್ದೆ.” ನನಗೆ ಉತ್ತರ ಹೊಳೆಯಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು ಅವರ ಕ್ಷಮೆ ಕೇಳಿದೆ. ಅವರು ಮುಜುಗರದಿಂದ ಎದ್ದು ನಿಂತುಬಿಟ್ಟರು. ಗುರುಗಳು ತಮ್ಮ ಬಳಿ ಕ್ಷಮೆ ಕೇಳುವುದು ಅವರಿಗೆ ಮುಂಡಾಸು ಬಿಚ್ಚುವುದಕ್ಕಿಂತ ಕಷ್ಟವಾಗಿತ್ತು.

ಅಂದು ರಾತ್ರಿ ಹಳೆಯ ಪುಸ್ತಕಗಳನ್ನು ತೆರೆದು ಕುಳಿತೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಪುರುಷರು ಬರಿತಲೆಯಲ್ಲಿಯೂ ಸ್ತ್ರೀಯರು ತಲೆ ಮುಚ್ಚಿಕೊಂಡೂ ಪ್ರಾರ್ಥಿಸಬೇಕೆಂದು ಹೇಳುತ್ತಾರೆ. ಆದರೆ ವಿಮೋಚನಾಕಾಂಡದ 28ನೆಯ ಅಧ್ಯಾಯದಲ್ಲಿ ಆರೋನನಿಗೆ ದೇವಸನ್ನಿಧಿಯಲ್ಲಿ ತೊಡಲು ಪೇಟವನ್ನು ವಿಧಿಸಲಾಗಿದೆ. ಯೆಹೂದ್ಯರು ಇಂದಿಗೂ ತಲೆ ಮುಚ್ಚಿಯೇ ಪ್ರಾರ್ಥಿಸುತ್ತಾರೆ. ನಮ್ಮ ಧರ್ಮಾಧ್ಯಕ್ಷರೂ ಪೂಜೆಯ ಕೆಲವು ಘಟ್ಟಗಳಲ್ಲಿ ಮೈಟರ್ ಎಂಬ ಶಿರೋಭೂಷಣವನ್ನು ಧರಿಸಿ, ಮುಖ್ಯ ಪ್ರಾರ್ಥನೆಯ ಹೊತ್ತಿಗೆ ಅದನ್ನು ತೆಗೆಯುವುದನ್ನು ನೀವು ಕಂಡಿದ್ದೀರಿ. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಚೀನಾ ದೇಶದಲ್ಲಿ ಹಿರಿಯರ ಮುಂದೆ ಬರಿತಲೆಯಲ್ಲಿ ನಿಲ್ಲುವುದು ಅಗೌರವ. ಆದುದರಿಂದ ಅಲ್ಲಿಯ ಗುರುಗಳು ತಲೆ ಮುಚ್ಚಿಕೊಂಡೇ ಬಲಿಪೂಜೆ ಅರ್ಪಿಸಲು ಜಗದ್ಗುರು ಐದನೆಯ ಪೌಲರು 1615ರಲ್ಲಿ ಅನುಮತಿಯಿತ್ತರು. ಅದಕ್ಕೆಂದೇ ವಿಶೇಷವಾದ ಟೋಪಿಯೂ ರೂಪುಗೊಂಡಿತು.

ಕೊನೆಗೆ 1917ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ನೋಡಿದೆ. ಅದರ 1262ನೆಯ ವಿಧಿ ದೇವಾಲಯದಲ್ಲಿ ಪುರುಷರು ಬರಿತಲೆಯಲ್ಲಿ ಇರಬೇಕೆಂದೂ ಸ್ತ್ರೀಯರು ತಲೆ ಮುಚ್ಚಿಕೊಳ್ಳಬೇಕೆಂದೂ ಹೇಳುತ್ತಿತ್ತು. ಆದರೆ ಪುರುಷರ ವಿಷಯದಲ್ಲಿ ಒಂದು ವಿನಾಯಿತಿಯನ್ನೂ ಸೇರಿಸಿತ್ತು: ಆಯಾ ಜನರ ಒಪ್ಪಿತ ಪದ್ಧತಿ ಬೇರೆಯಾಗಿದ್ದರೆ ಅದಕ್ಕೆ ಎಡೆಯುಂಟು. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವೇ ಇಲ್ಲ. ಎಂದರೆ, ನಾನು ಆ ಮುದುಕರ ಮೇಲೆ ಹೇರಿದ ಕಟ್ಟಳೆ ಹೊಸ ಕಾನೂನಿನಲ್ಲಿ ಇರಲಿಲ್ಲ, ಹಳೆಯ ಕಾನೂನು ಸಹ ಅವರ ಪದ್ಧತಿಗೆ ಅವಕಾಶ ಕೊಟ್ಟಿತ್ತು. ನನ್ನ ತಲೆಯಲ್ಲಿದ್ದದ್ದು ಯೂರೋಪಿನ ಅಭ್ಯಾಸ ಮಾತ್ರ. ಅದನ್ನೇ ನಾನು ದೇವರ ಆಜ್ಞೆಯೆಂದು ಭ್ರಮಿಸಿದ್ದೆ. ನಮ್ಮದೇ ಗಿರಿಯ ಗುಹೆಯಲ್ಲಿ, ಹಿಂದೂಗಳು ದತ್ತಾತ್ರೇಯರನ್ನೂ ಮುಸಲ್ಮಾನರು ಬಾಬಾ ಬುಡನ್ ಅವರನ್ನೂ ಸ್ಮರಿಸುವ ಸ್ಥಳದಲ್ಲಿ, ದರ್ಗಾ ಸಂಪ್ರದಾಯದವರು ಕರವಸ್ತ್ರವನ್ನಾದರೂ ತಲೆಗೆ ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಅವರ ಮುಚ್ಚಿದ ತಲೆಯೂ ನಮ್ಮ ತೆರೆದ ತಲೆಯೂ ಹೇಳುವುದು ಒಂದೇ ಮಾತು: ನನಗಿಂತ ದೊಡ್ಡವನೊಬ್ಬನಿದ್ದಾನೆ.

ಮನುಷ್ಯನು ಮನುಷ್ಯನ ಮುಂದೆ ತಲೆ ಬಿಚ್ಚಬೇಕೆಂದಾಗ ಮಾತ್ರ ಪ್ರಶ್ನೆ ಏಳುತ್ತದೆ. 1893ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದ ನ್ಯಾಯಾಲಯದಲ್ಲಿ ತರುಣ ವಕೀಲರೊಬ್ಬರಿಗೆ ಪೇಟ ತೆಗೆಯಲು ನ್ಯಾಯಾಧೀಶರು ಹೇಳಿದರು. ಅವರು ಒಪ್ಪದೆ ಹೊರನಡೆದರು. ಅವರೇ ಗಾಂಧೀಜಿ. ಪೇಟದ ತಂಟೆಯೇ ಬೇಡ, ಇಂಗ್ಲಿಷ್ ಹ್ಯಾಟು ಹಾಕಿಕೊಳ್ಳೋಣವೆಂದು ಅವರು ಯೋಚಿಸಿದಾಗ ಅಬ್ದುಲ್ಲಾ ಸೇಠರು ತಡೆದರು. ಹ್ಯಾಟು ಹಾಕಿದರೆ ಜನ ನಿಮ್ಮನ್ನು ಹೋಟೆಲಿನ ಮಾಣಿ ಎಂದುಕೊಳ್ಳುತ್ತಾರೆ ಎಂಬುದು ಅವರ ವಾದ. ಅಲ್ಲಿ ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳಲ್ಲಿ ಕ್ರೈಸ್ತರಾದ ಅನೇಕರು ಇಂಗ್ಲಿಷ್ ಉಡುಪು ತೊಟ್ಟು ಹೋಟೆಲುಗಳಲ್ಲಿ ದುಡಿಯುತ್ತಿದ್ದರೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಓದುಗರೇ, ಇದನ್ನು ಓದಿದಾಗ ನನ್ನ ಮನಸ್ಸು ಕಲಕಿತು. ಹ್ಯಾಟು ಹಾಕಿಕೊಂಡರೆ ಮೇಲಕ್ಕೇರಬಹುದೆಂದು ನಂಬಿದ ಆ ನಮ್ಮ ಸಹೋದರರನ್ನು ಅದೇ ಹ್ಯಾಟು ಮಾಣಿಗಳೆಂದು ಗುರುತಿಸಿಕೊಟ್ಟಿತು. ಮುಂದೆ ಗಾಂಧೀಜಿಯವರ ಹೆಸರಿನ ಬಿಳಿಯ ಖಾದಿ ಟೋಪಿ ರಾಷ್ಟ್ರದಾದ್ಯಂತ ಹರಡಿ, ವಕೀಲನನ್ನೂ ರೈತನನ್ನೂ ಒಂದೇ ಬಗೆಯ ಟೋಪಿಯಡಿ ತಂದಿತು. ಅವರು ಮಾತ್ರ 1921ರಲ್ಲಿ ಮಧುರೆಯಲ್ಲಿ ತುಂಡು ಬಟ್ಟೆಯನ್ನು ಉಟ್ಟರು. 1927ರಲ್ಲಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಚಿಕ್ಕಮಗಳೂರಿಗೆ ಬಂದಾಗ ಅವರ ತಲೆಯ ಮೇಲೆ ಪೇಟವೂ ಇರಲಿಲ್ಲ, ಟೋಪಿಯೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಬಳಿಕ ಕಾರ್ಮಿಕನ ತಲೆಯ ವಿಚಾರ ಕಾನೂನಿನ ಪುಸ್ತಕವನ್ನೂ ಸೇರಿತು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ವಸತಿ, ವೈದ್ಯಕೀಯ ನೆರವು, ಶಿಶುಪಾಲನೆಗಳ ಜೊತೆಗೆ 17ನೆಯ ಕಲಮೊಂದಿತ್ತು. ಮಳೆ, ಚಳಿಗಳಿಂದ ಕಾರ್ಮಿಕರನ್ನು ಕಾಪಾಡಲು ಮಾಲೀಕರು ಕೊಡೆ, ಕಂಬಳಿ, ಮಳೆಯಂಗಿಗಳನ್ನು ಒದಗಿಸಬೇಕೆಂದು ರಾಜ್ಯ ಸರ್ಕಾರಗಳು ನಿಯಮ ಮಾಡಬಹುದೆಂದು ಅದು ಹೇಳಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯೊಂದು ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ನನಗೆ ಆ ಚಿಕ್ಕ ಕಲಮು ದೊಡ್ಡ ಸಂಗತಿಯಾಗಿ ತೋರುತ್ತದೆ. ನೂರು ವರ್ಷ ದೊರೆಯ ತಲೆಗೆ ಬಿಸಿಲು ತಾಗೀತೆಂದು ಶಾಸ್ತ್ರಗಳು ಚಿಂತಿಸಿದ್ದವು. ಆಳಿನ ತಲೆಗೆ ಮಳೆ ಬೀಳುತ್ತದೆಂಬುದನ್ನು ಕಾನೂನು ಗಮನಿಸಲು 1951 ಬರಬೇಕಾಯಿತು.

ನಮ್ಮ ಧರ್ಮಸಭೆಯೂ ಆ ಕಾಲದಲ್ಲಿ ತನ್ನ ತಲೆಯನ್ನು ನೋಡಿಕೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗಲೇ, 1963ರಲ್ಲಿ, ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತು. ಮರುವರ್ಷ, 1964ರ ನವೆಂಬರ್ 13ರಂದು, ಜಗದ್ಗುರು ಆರನೆಯ ಪೌಲರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ತಮ್ಮ ಮೂರು ಸುತ್ತಿನ ಕಿರೀಟವನ್ನು ಬಡವರ ಸಲುವಾಗಿ ಬಲಿಪೀಠದ ಮೇಲೆ ಇಟ್ಟರು. ಅವರ ಬಳಿಕ ಬಂದ ಯಾವ ಜಗದ್ಗುರುವಿಗೂ ಕಿರೀಟಧಾರಣೆ ನಡೆಯಲಿಲ್ಲ. ಕಾರ್ಡಿನಲರಿಗೆ 13ನೆಯ ಶತಮಾನದಿಂದ ಸಲ್ಲುತ್ತಿದ್ದ ಅಗಲವಾದ ಕೆಂಪು ಹ್ಯಾಟೂ 1969ರಲ್ಲಿ ರದ್ದಾಯಿತು. ಕಿರೀಟವನ್ನು ಇಟ್ಟ ಮೂರೇ ವಾರಗಳಲ್ಲಿ ಅದೇ ಜಗದ್ಗುರುಗಳು ಬೊಂಬಾಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಭಾರತದ ನೆಲಕ್ಕೆ ಕಾಲಿಟ್ಟರು.

ಇಂದು ನಮ್ಮ ತೋಟಗಳ ದೃಶ್ಯ ಬದಲಾಗಿದೆ. ಗೊರಬು ಅಪರೂಪವಾಯಿತು. ಮುಟ್ಟಾಳೆಯನ್ನು ವೇದಿಕೆಯ ಮೇಲೆ ಅತಿಥಿಗಳಿಗೆ ತೊಡಿಸಿ ಫೋಟೋ ತೆಗೆಯುತ್ತೇವೆ. ಅಸ್ಸಾಮ್, ಜಾರ್ಖಂಡ್ ಮೊದಲಾದ ಕಡೆಗಳಿಂದ ಬಂದ ಯುವಕ ಯುವತಿಯರು ಕಾಫಿ ಕೊಯ್ಯುತ್ತಿದ್ದಾರೆ. ಅವರ ತಲೆಯ ಮೇಲೆ ಉಣ್ಣೆಯ ಟೋಪಿ, ಹಳೆಯ ಪಂಚೆ, ಗೊಬ್ಬರದ ಚೀಲವನ್ನು ಮಡಚಿ ಮಾಡಿದ ಕೊಪ್ಪೆ. ಅವರಲ್ಲಿ ಕೆಲವರು ನಮ್ಮದೇ ವಿಶ್ವಾಸದವರು, ಭಾನುವಾರ ನಮ್ಮ ದೇವಾಲಯಗಳ ಹಿಂದಿನ ಸಾಲಿನಲ್ಲಿ ನಿಲ್ಲುವವರು. ಅವರ ಭಾಷೆ ನಮಗೆ ಬಾರದು. ಅವರ ಹೆಸರನ್ನಾದರೂ ನಾವು ಕೇಳಿದ್ದೇವೆಯೇ? ನಮ್ಮ ಅಂಗಳಕ್ಕೆ ಬಂದಾಗ ಅವರು ಟೋಪಿ ತೆಗೆದು ಕೈಕಟ್ಟಿ ನಿಂತರೆ, ಕುಳಿತುಕೊಳ್ಳಿ ಎನ್ನುತ್ತೇವೆಯೇ, ಇಲ್ಲವೇ ಅದು ನಮಗೆ ಸಲ್ಲತಕ್ಕ ಗೌರವವೆಂದು ಸುಮ್ಮನಿರುತ್ತೇವೆಯೇ? ನೀವು ತೋಟದ ಯಜಮಾನರಾಗಿದ್ದರೆ ಈ ಮಳೆಗಾಲ ನಿಮ್ಮ ಲೈನಿನಲ್ಲಿ ಎಷ್ಟು ಜನರಿಗೆ ನೆಟ್ಟಗಿನ ಮಳೆಯಂಗಿ ಇದೆಯೆಂದು ಎಣಿಸಿ ನೋಡಿ. ನೀವು ಕಾರ್ಮಿಕರಾಗಿದ್ದರೆ, ನಿಮ್ಮ ತಲೆಬಟ್ಟೆಗೆ ನಾಚಬೇಡಿ. ಅದು ಹೊತ್ತ ಹೊರೆಯಿಂದಲೇ ಈ ನಾಡಿನ ಕಾಫಿ ಪೇಟೆ ಸೇರಿದೆ.

ಆ ಮುದುಕರು ಮತ್ತೆ ದೇವಾಲಯಕ್ಕೆ ಬಂದರೇ ಎಂದು ನೀವು ಕೇಳಬಹುದು. ಬಂದರು. ಮುಂದಿನ ಹಬ್ಬದ ದಿನ ಬಿಳಿಯ ಮುಂಡಾಸು ಕಟ್ಟಿಕೊಂಡೇ ಬಂದು ಮೂರನೆಯ ಬೆಂಚಿನಲ್ಲಿ ಕುಳಿತರು. ಪರಮಪ್ರಸಾದದ ಹೊತ್ತಿಗೆ ಸಾಲಿನಲ್ಲಿ ನಿಧಾನವಾಗಿ ನಡೆದು ಬಂದು ನನ್ನ ಮುಂದೆ ನಿಂತರು. ನಾನು ಏನನ್ನೂ ಹೇಳಿರಲಿಲ್ಲ. ಅವರೇ ಎರಡು ಕೈಗಳಿಂದ ಮುಂಡಾಸನ್ನು ಮೆಲ್ಲಗೆ ಎತ್ತಿ, ಎದೆಗೆ ಹಿಡಿದುಕೊಂಡು, ತಲೆ ಬಾಗಿಸಿದರು. ಸ್ವೀಕರಿಸಿದ ಮೇಲೆ ಅದನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ತಮ್ಮ ಜಾಗಕ್ಕೆ ಹೋದರು.